ಮೈಸೂರಿಗೆ ಬಂದಿದ್ದ ಮೇಷ್ಟ್ರು: ಬೆಂಜಮಿನ್ ಮೇಸ್

(ಮೈಸೂರಿನಲ್ಲಿ ಶಿಕ್ಷಕರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫೆಬ್ರವರಿ ಬಂತೆಂದರೆ ಅಮೆರಿಕದ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸದ ಪಾಠ ನಡೆಯುತ್ತದೆ. ಈ ರೂಢಿ ಹಾಕಿಕೊಟ್ಟವರು ಕಾರ್ಟರ್ ವುಡ್ಸನ್. ಗುಲಾಮರಾಗಿದ್ದ ತಂದೆತಾಯಿಯ ಮಗ ಅವರು. ಕಲ್ಲಿದ್ದಲ ಗಣಿಯಲ್ಲಿ ದುಡಿದು, ವಯಸ್ಸು ಮೀರಿದ ಮೇಲೆ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. 1926ರಲ್ಲಿ ಅವರು ಶುರುಮಾಡಿದ್ದು ಒಂದು ವಾರದ ಆಚರಣೆ. ಐವತ್ತು ವರ್ಷಗಳ ಮೇಲೆ, 1976ರಲ್ಲಿ, ಅದು ಇಡೀ ತಿಂಗಳಾಯಿತು. ಆ ತಿಂಗಳ ಉದ್ದಕ್ಕೂ ಕೇಳಿಬರುವ ಹೆಸರುಗಳು ನಿಮಗೂ ಗೊತ್ತು: ಹ್ಯಾರಿಯೆಟ್ ಟಬ್‌ಮನ್, ಫ್ರೆಡರಿಕ್ ಡಗ್ಲಸ್, ರೋಸಾ ಪಾರ್ಕ್ಸ್, ಮಾರ್ಟಿನ್ ಲೂಥರ್ ಕಿಂಗ್. ನಮ್ಮ ಮಕ್ಕಳ ಭಾಷಣ ಸ್ಪರ್ಧೆಗಳಲ್ಲೂ ಇವೇ ಹೆಸರುಗಳು ಬರುತ್ತವೆ. ಬರಲಿ, ಸಂತೋಷ. ಇವತ್ತು ನಾನು ಇವರ್‍ಯಾರನ್ನೂ ಆರಿಸಿಕೊಂಡಿಲ್ಲ. ಬೆಂಜಮಿನ್ ಮೇಸ್ ಎಂಬ ಒಬ್ಬ ಮೇಷ್ಟ್ರ ಬಗ್ಗೆ ಮಾತಾಡುತ್ತೇನೆ. ಮೈಸೂರಿನವರಿಗೆ ಅವರ ವಿಷಯ ತಿಳಿದಿರಲೇಬೇಕು ಅನ್ನಿಸಲು ಕಾರಣವಿದೆ: 1937ರ ಜನವರಿಯಲ್ಲಿ ಅವರು ಈ ಊರಿನಲ್ಲಿದ್ದರು. ಇಲ್ಲಿಗೆ ಹತ್ತಿರದ ಒಂದು ಹಳ್ಳಿಶಾಲೆಯಲ್ಲಿ ಕೇಳಿದ ಮಾತೊಂದನ್ನು ಅವರು ಬದುಕಿನ ಕೊನೆಯವರೆಗೂ ಮರೆಯಲಿಲ್ಲ.

ಆ ಮಾತಿಗೆ ಬರುವ ಮೊದಲು ಅವರ ಊರಿಗೆ ಹೋಗೋಣ. ಸೌತ್ ಕ್ಯಾರೊಲೈನಾದ ಗ್ರೀನ್‌ವುಡ್ ಸೀಮೆಯಲ್ಲಿ, ನೈಂಟಿ ಸಿಕ್ಸ್ ಎಂಬ ಊರಿನ ಹತ್ತಿರ, 1894ರ ಆಗಸ್ಟ್ 1ರಂದು ಬೆಂಜಮಿನ್ ಹುಟ್ಟಿದರು. ತಂದೆ ಹೆಜೆಕಾಯ, ತಾಯಿ ಲೂವೀನಿಯಾ, ಇಬ್ಬರೂ ಗುಲಾಮಗಿರಿಯಲ್ಲೇ ಹುಟ್ಟಿದವರು. ಎಂಟು ಮಕ್ಕಳಲ್ಲಿ ಬೆಂಜಮಿನ್ ಕೊನೆಯವರು. ಬೇರೆಯವರ ಹೊಲ ಗೇಣಿಗೆ ಹಿಡಿದು ಹತ್ತಿ ಬೆಳೆಯುವ ಮನೆತನ. ತಂದೆಗೆ ಅಲ್ಪಸ್ವಲ್ಪ ಓದು ಬರುತ್ತಿತ್ತು, ತಾಯಿಗೆ ಅಕ್ಷರವೇ ಇಲ್ಲ. ಅದೇ ನೆಲದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರೆಯಲು ಕಲಿಸುವುದು ಅಪರಾಧವೆಂದು ಕಾನೂನಾಗಿತ್ತು. ಅಕ್ಷರವಿಲ್ಲದ ಆ ತಾಯಿಯ ಹಿಂದೆ ಅಂಥ ಕಾನೂನುಗಳ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಮೇಸ್ ಅವರಿಗೆ ಜೀವಮಾನದ ಮೊದಲ ನೆನಪು ಯಾವುದು ಗೊತ್ತೇ? 1898ರ ನವೆಂಬರ್. ಚುನಾವಣೆಯ ದಿನ. 1895ರ ಹೊಸ ರಾಜ್ಯ ಸಂವಿಧಾನ ಕಪ್ಪು ಜನರ ಮತದ ಹಕ್ಕನ್ನು ಉಪಾಯವಾಗಿ ಕಿತ್ತುಕೊಂಡಿತ್ತು. ಫೀನಿಕ್ಸ್ ಎಂಬ ಹತ್ತಿರದ ಹಳ್ಳಿಯಲ್ಲಿ, ಮತ ಹಾಕಲು ಬಿಡುತ್ತಿಲ್ಲವೆಂದು ಕಪ್ಪು ಜನರಿಂದ ಪ್ರಮಾಣಪತ್ರ ಬರೆಸಿಕೊಳ್ಳುವ ಕೆಲಸ ಶುರುವಾಯಿತು. ಅದರ ಮೇಲೆ ಗಲಭೆ, ಆಮೇಲೆ ದಿನಗಟ್ಟಲೆ ಕೊಲೆಗಳು. ಬಂದೂಕು ಹಿಡಿದ ಬಿಳಿಯರ ಗುಂಪೊಂದು ಕುದುರೆಯ ಮೇಲೆ ಮೇಸರ ಮನೆಯ ಕಡೆ ಬಂತು. ಹೆಜೆಕಾಯರನ್ನು ಬೈದರು, ಬಂದೂಕು ತೋರಿಸಿದರು, ಟೋಪಿ ತೆಗೆಸಿ ಮತ್ತೆ ಮತ್ತೆ ಬಾಗಿ ವಂದಿಸುವಂತೆ ಮಾಡಿದರು. ನಾಲ್ಕು ವರ್ಷದ ಮಗು ಅದನ್ನೆಲ್ಲ ನಿಂತು ನೋಡಿತು. ಅಪ್ಪನನ್ನು ಹಾಗೆ ಬಗ್ಗಿಸಿದ್ದನ್ನು ಕಂಡ ಮಗು ಮುಂದೆ ಯಾವ ದಾರಿ ಹಿಡಿಯಬಹುದಿತ್ತು ಎಂದು ನಾವು ಊಹಿಸಬಲ್ಲೆವು. ಈ ಮಗು ಹಿಡಿದದ್ದು ಪುಸ್ತಕವನ್ನು.

ಅಕ್ಷರ, ಎಣಿಕೆ ಕಲಿಸಿದವರು ದೊಡ್ಡಕ್ಕ ಸೂಸಿ. ಹಾಗಾಗಿ ಬ್ರಿಕ್‌ಹೌಸ್ ಎಂಬ ಒಂಟಿಕೋಣೆ ಶಾಲೆಗೆ ಕಾಲಿಟ್ಟ ದಿನವೇ ಹುಡುಗನಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಗೊತ್ತಿತ್ತು. ಎಲೆನ್ ವಾಲರ್ ಎಂಬ ಟೀಚರು ಅದನ್ನು ಗುರುತಿಸಿ ತಂದೆತಾಯಿಗೆ ಹೇಳಿದರು: ನಿಮ್ಮ ಬೆನ್ನಿ ಚುರುಕು. ಇಷ್ಟೇ ಮಾತು. ನೀವೆಲ್ಲ ದಿನಕ್ಕೆ ಎಷ್ಟೋ ಸಲ ಆಡುವ ಮಾತು ಇದು. ಆದರೆ ಮೇಸ್ ಆ ಟೀಚರ ಹೆಸರನ್ನೂ ಮಾತನ್ನೂ ಮುಪ್ಪಿನವರೆಗೆ ನೆನಪಿಟ್ಟುಕೊಂಡಿದ್ದರು.

ಶಾಲೆ ನಡೆಯುತ್ತಿದ್ದದ್ದು ವರ್ಷಕ್ಕೆ ನಾಲ್ಕೇ ತಿಂಗಳು. ಹತ್ತಿ ಬಿಡಿಸಿ ಮುಗಿದ ಮೇಲೆ ಬಾಗಿಲು ತೆರೆಯಬೇಕು, ಉಳುಮೆ ಶುರುವಾಗುವಾಗ ಮುಚ್ಚಬೇಕು. ಬಿಳಿಯರ ಮಕ್ಕಳಿಗೆ ಹಾಗಿರಲಿಲ್ಲ, ಅವರ ಶಾಲೆ ಇನ್ನೂ ಹೆಚ್ಚು ಕಾಲ ನಡೆಯುತ್ತಿತ್ತು. ಬೆನ್ನಿ ಹೇಸರಗತ್ತೆಯ ಹಿಂದೆ ನೇಗಿಲು ಹಿಡಿದು ನಡೆಯುವಾಗಲೂ ಓದು ಕೊಡು ದೇವರೇ ಎಂದು ಬೇಡಿಕೊಳ್ಳುತ್ತಿದ್ದರಂತೆ. ಆರೆಂಜ್‌ಬರ್ಗ್‌ನ ಕಾಲೇಜಿಗೆ ಸೇರಿದ ಹೈಸ್ಕೂಲಿಗೆ ಹೋದ ಮೇಲೂ ಫೆಬ್ರವರಿ ಮುಗಿಯುತ್ತಲೇ ಅಪ್ಪ ಹೊಲಕ್ಕೆ ಕರೆಸುತ್ತಿದ್ದರು. ಕೊನೆಗೊಂದು ವರ್ಷ ಮಗ ಬರುವುದಿಲ್ಲವೆಂದು ಹೇಳಿ ಅಲ್ಲೇ ಉಳಿದರು. ಖರ್ಚಿಗಾಗಿ ಅವರಿಗೆ ಸಿಕ್ಕ ಕೆಲಸ, ರಾತ್ರಿ ಹೊತ್ತು ಕಕ್ಕಸು ತೊಳೆಯುವುದು. 1916ರಲ್ಲಿ ತರಗತಿಗೆ ಮೊದಲಿಗರಾಗಿ ಹೈಸ್ಕೂಲು ಮುಗಿಸಿದಾಗ ವಯಸ್ಸು ಇಪ್ಪತ್ತೊಂದು ದಾಟಿತ್ತು. ಬಡತನ ಮತ್ತು ಕೃಷಿಕೆಲಸ ಮಕ್ಕಳನ್ನು ಶಾಲೆಯಿಂದ ಎಳೆದೊಯ್ಯುವುದನ್ನು ನಿಮ್ಮಲ್ಲಿ ಅನೇಕರು ಹತ್ತಿರದಿಂದ ನೋಡಿದ್ದೀರಿ. ಹೆಜೆಕಾಯರನ್ನು ಕೆಟ್ಟ ತಂದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಕಂಡ ಪ್ರಪಂಚದಲ್ಲಿ ಕಪ್ಪು ಮನುಷ್ಯನಿಗೆ ಎರಡೇ ಕಸುಬು, ಉಳುವುದು ಮತ್ತು ದೇವರ ವಾಕ್ಯ ಸಾರುವುದು. ಎರಡಕ್ಕೂ ಕಾಲೇಜು ಬೇಕಿಲ್ಲ ಎನ್ನುವುದು ಅವರ ಲೆಕ್ಕ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಉತ್ತರದ ಮೇನ್ ರಾಜ್ಯದ ಬೇಟ್ಸ್ ಕಾಲೇಜಿನಿಂದ 1920ರಲ್ಲಿ ಪದವಿ. ಬಿಳಿಯ ಹುಡುಗರ ಜೊತೆ ಒಂದೇ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದು, ಚರ್ಚಾಸ್ಪರ್ಧೆಯಲ್ಲಿ ವಾದಿಸಿ, ನಾನು ಯಾರಿಗೂ ಕಮ್ಮಿಯಿಲ್ಲ ಎಂದು ತಮಗೆ ತಾವೇ ರುಜುವಾತು ಮಾಡಿಕೊಂಡದ್ದು ಅಲ್ಲಿ. ಬೇಸಿಗೆ ರಜೆಯಲ್ಲಿ ಪುಲ್‌ಮನ್ ರೈಲುಬೋಗಿಗಳಲ್ಲಿ ಪ್ರಯಾಣಿಕರ ಹಾಸಿಗೆ ಹಾಸುವ, ಸಾಮಾನು ಹೊರುವ ಕೆಲಸ. ಆ ಕೆಲಸಗಾರರನ್ನೆಲ್ಲ ಪ್ರಯಾಣಿಕರು ‘ಜಾರ್ಜ್’ ಎಂದೇ ಕೂಗುತ್ತಿದ್ದ ಕಾಲ. ಒಬ್ಬೊಬ್ಬರಿಗೂ ಒಂದು ಹೆಸರಿದೆ ಎಂದು ಕೇಳುವ ಗೋಜೇ ಇರಲಿಲ್ಲ. ನಂತರ ಶಿಕಾಗೊ ವಿಶ್ವವಿದ್ಯಾಲಯದಿಂದ 1925ರಲ್ಲಿ ಎಂ.ಎ., 1935ರಲ್ಲಿ ಪಿಎಚ್.ಡಿ. ನಡುವೆ ಜೋಸೆಫ್ ನಿಕಲ್ಸನ್ ಅವರೊಡನೆ ಒಂದು ದೊಡ್ಡ ಸಮೀಕ್ಷೆ. 12 ನಗರಗಳ 609 ಕಪ್ಪು ಚರ್ಚುಗಳು, ಹಳ್ಳಿಗಾಡಿನ 185 ಚರ್ಚುಗಳು ಹೇಗೆ ನಡೆಯುತ್ತಿವೆ, ಸಾಲ ಎಷ್ಟು, ಪಾದ್ರಿಗಳ ಓದು ಎಷ್ಟು ಎಂದು ವಿಚಾರಿಸಿ ಬರೆದರು. ಪಾದ್ರಿಗಳಲ್ಲಿ ಓದು ಕಡಿಮೆ ಎಂಬುದನ್ನು ಮುಚ್ಚಿಡಲಿಲ್ಲ. ಆದರೆ ಕಪ್ಪು ಜನ ಪೂರ್ತಿಯಾಗಿ ತಮ್ಮದೆಂದು ಹೇಳಿಕೊಳ್ಳಬಹುದಾದ ಸಂಸ್ಥೆ ಅದೊಂದೇ ಎಂಬುದನ್ನೂ ಕಂಡರು. ಇದನ್ನು ಗಮನದಲ್ಲಿಡಿ. ಇಪ್ಪತ್ತು ವರ್ಷಗಳ ಮೇಲೆ ಎದ್ದ ಚಳವಳಿಗೆ ಸಭಾಂಗಣ, ಹಣದ ತಟ್ಟೆ, ಹಾಡು, ಮುಂದಾಳು ಎಲ್ಲವೂ ಸಿಕ್ಕಿದ್ದು ಆ ಚರ್ಚುಗಳಿಂದಲೇ.

1934ರಲ್ಲಿ ಅವರು ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ವಿಭಾಗದ ಡೀನ್ ಆದರು. ಭಾರತದ ಕಡೆ ಕಿಟಕಿ ತೆರೆದುಕೊಂಡಿದ್ದ ಜಾಗ ಅದು. ಅವರ ಸಹೋದ್ಯೋಗಿ ಹೊವರ್ಡ್ ಥರ್ಮನ್ 1936ರ ಫೆಬ್ರವರಿಯಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡು ಬಂದಿದ್ದರು. ಅಹಿಂಸೆಯ ಸಂದೇಶ ಕಲಬೆರಕೆಯಿಲ್ಲದೆ ಜಗತ್ತಿಗೆ ತಲುಪುವುದು ಬಹುಶಃ ನಿಮ್ಮ ಜನರ ಮೂಲಕವೇ ಎಂದು ಗಾಂಧೀಜಿ ಅವರಿಗೆ ಹೇಳಿದ್ದರು. ಅದೇ ವರ್ಷದ ಕೊನೆಗೆ ಮೇಸ್ ಅವರ ಸರದಿ ಬಂತು. ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ವಿಶ್ವ ಸಮ್ಮೇಳನ ಮೈಸೂರಿನಲ್ಲಿ ಸೇರುವುದೆಂದು ನಿಶ್ಚಯವಾಗಿತ್ತು. ಅಮೆರಿಕದ ಪ್ರತಿನಿಧಿಗಳಾಗಿ ಹೊರಟವರಲ್ಲಿ ಮೇಸ್ ಮತ್ತು ಚಾನಿಂಗ್ ಟೋಬಿಯಾಸ್, ಇಬ್ಬರು ಕಪ್ಪು ಜನ, ಇದ್ದರು.

ಇದೇ ಪ್ರಯಾಣದಲ್ಲಿ ವಾರ್ಧಾ ಬಳಿ ಗಾಂಧೀಜಿಯೊಡನೆ ಮೇಸ್ ಒಂದೂವರೆ ಗಂಟೆ ಮಾತಾಡಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಎರಡು ನನಗೆ ಮುಖ್ಯವೆನಿಸುತ್ತವೆ. ಒಂದು: ನಿಮ್ಮಲ್ಲಿ ಆಳುವವರು ಬೆರಳೆಣಿಕೆ, ಆಳಿಸಿಕೊಳ್ಳುವವರು ಕೋಟಿಗಟ್ಟಲೆ, ನಮ್ಮಲ್ಲಿ ನಾವೇ ಅಲ್ಪಸಂಖ್ಯಾತರು. ಅಂಥವರಿಂದ ಅಹಿಂಸೆಯ ಹೋರಾಟ ಆದೀತೇ? ಬಹುಸಂಖ್ಯಾತರಿಗಿಂತ ಅಲ್ಪಸಂಖ್ಯಾತರೇ ಇದನ್ನು ಚೆನ್ನಾಗಿ ಮಾಡಬಲ್ಲರು ಎಂದರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿ ಸಣ್ಣ ಗುಂಪನ್ನು ನಡೆಸುವಾಗ ಇದ್ದ ಧೈರ್ಯ ಇಲ್ಲಿ ದೊಡ್ಡ ಸಮೂಹವನ್ನು ನಡೆಸುವಾಗ ತಮಗಿಲ್ಲವೆಂದು ಒಪ್ಪಿಕೊಂಡರು. ಈ ಉತ್ತರವನ್ನು ಮೇಸ್ ಜೋಪಾನವಾಗಿ ಮನೆಗೊಯ್ದರು. ಎರಡನೆಯದು: ಅಸ್ಪೃಶ್ಯತೆಯನ್ನು ಮಾತ್ರ ಏಕೆ ವಿರೋಧಿಸುತ್ತೀರಿ, ಜಾತಿವ್ಯವಸ್ಥೆಯನ್ನೇ ಏಕಿಲ್ಲ? ಇದಕ್ಕೆ ಗಾಂಧೀಜಿ ವರ್ಣವೆಂದರೆ ಕೆಲಸದ ಹಂಚಿಕೆ, ಕಳಂಕವಿರುವುದು ಅಸ್ಪೃಶ್ಯತೆಯಲ್ಲಿ ಎಂಬ ತಮ್ಮ ಆಗಿನ ನಿಲುವನ್ನೇ ವಿವರಿಸಿದರು. ಗಾಂಧೀಜಿಯ ಮೇಲೆ ನನಗೆ ಆಳವಾದ ಗೌರವವಿದೆ, ಆದರೂ ಹೇಳುತ್ತೇನೆ: ಪ್ರಶ್ನೆ ಸರಿಯಾಗಿತ್ತು, ಉತ್ತರ ಸಾಲದು. ಅಂಬೇಡ್ಕರ್ ಅವರು ‘ಹಿಂದೂವಾಗಿ ಸಾಯಲಾರೆ’ ಎಂದು ಯೇವಲಾದಲ್ಲಿ ಘೋಷಿಸಿ ಆಗಿನ್ನೂ ಒಂದು ವರ್ಷ ಕಳೆದಿತ್ತು.

ಇನ್ನು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯ ಮೇಲೆ ಬ್ರಾಹ್ಮಣೇತರರಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ಕೊಡಲು ಮುಂದಾಗಿದ್ದ ಸಂಸ್ಥಾನ ಇದು. ಹಾಗೆಂದು ಹೊಲಗೇರಿ ಊರೊಳಗೆ ಬಂದಿರಲಿಲ್ಲ. ಸಮ್ಮೇಳನದ ದಿನಗಳಲ್ಲಿ ಹತ್ತಿರದ ಹಳ್ಳಿಯೊಂದರ ಅಸ್ಪೃಶ್ಯರ ಶಾಲೆಯ ಹೆಡ್‌ಮಾಸ್ಟರು ಬಂದು, ನಮ್ಮ ಮಕ್ಕಳಿಗೆ ಎರಡು ಮಾತು ಹೇಳಿ ಎಂದು ಮೇಸ್ ಅವರನ್ನು ಕರೆದೊಯ್ದರು. ಅಲ್ಲಿ ಮಕ್ಕಳಿಗೆ ಅವರನ್ನು ಪರಿಚಯಿಸಿದ ರೀತಿ ಹೀಗಿತ್ತು: ಇವರೂ ತಮ್ಮ ದೇಶದಲ್ಲಿ ನಿಮ್ಮ ಹಾಗೆಯೇ ಅಸ್ಪೃಶ್ಯರು, ನೀವು ಪಡುವ ಅವಮಾನವನ್ನೆಲ್ಲ ಪಟ್ಟವರು, ಆದರೂ ಇಷ್ಟು ಎತ್ತರಕ್ಕೆ ಬಂದವರು.

ಮೇಸ್ ಅವರಿಗೆ ಸಿಟ್ಟು ಬಂತು. ಶಿಕಾಗೊದ ಡಾಕ್ಟರೇಟ್ ಪಡೆದವರು, ವಿಶ್ವವಿದ್ಯಾಲಯದ ಡೀನ್, ಅಂತರರಾಷ್ಟ್ರೀಯ ಸಮ್ಮೇಳನದ ಪ್ರತಿನಿಧಿ. ತನ್ನನ್ನು ಅಸ್ಪೃಶ್ಯ ಎನ್ನುವುದೇ? ಗಾಬರಿ, ಕಸಿವಿಸಿ, ಕೋಪ ಎಲ್ಲ ಒಟ್ಟಿಗೆ ಆದವೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆ ಕೋಪ ಹೆಚ್ಚು ಹೊತ್ತು ನಿಲ್ಲಲಿಲ್ಲ. ಈ ಮನುಷ್ಯ ಹೇಳುತ್ತಿರುವುದು ನಿಜ ಎಂದು ಅಲ್ಲಿ ನಿಂತಲ್ಲೇ ಅವರಿಗೆ ಹೊಳೆಯಿತು. ತನ್ನೂರಿನಲ್ಲಿ ರೈಲಿನ ಬೋಗಿ ಬೇರೆ, ನೀರಿನ ನಲ್ಲಿ ಬೇರೆ, ಹೋಟೆಲಿಗೆ ಪ್ರವೇಶವಿಲ್ಲ. ದಕ್ಷಿಣದಲ್ಲಿ ಎಲ್ಲೆಲ್ಲೂ, ಉತ್ತರದಲ್ಲೂ ಬಹಳ ಕಡೆ, ಅವರನ್ನು ಬೇರೆ ಇಟ್ಟೇ ಇಟ್ಟಿದ್ದರು.

ಆ ಹೆಡ್‌ಮಾಸ್ಟರ ಜಾಣತನ ನನ್ನನ್ನು ಬೆರಗುಗೊಳಿಸುತ್ತದೆ. ಗಾಂಧೀಜಿಯ ಜೊತೆಗಿನ ಒಂದೂವರೆ ಗಂಟೆಯ ಮಾತನ್ನು ವಿದ್ವಾಂಸರು ಮತ್ತೆ ಮತ್ತೆ ಬರೆಯುತ್ತಾರೆ. ಈ ಹಳ್ಳಿ ಮೇಷ್ಟ್ರು ಒಂದೇ ಪರಿಚಯದ ಮಾತಿನಲ್ಲಿ ಎರಡು ದೇಶಗಳ ಕಟ್ಟುಪಾಡನ್ನು ಪಕ್ಕಪಕ್ಕ ಇಟ್ಟು ತೋರಿಸಿಬಿಟ್ಟರು. ಅದೂ ಮಕ್ಕಳಿಗೆ, ಪಾಠದ ರೂಪದಲ್ಲಿ. ಅತಿಥಿಗೆ ನೋವಾದೀತೆಂದು ಮಾತು ತಗ್ಗಿಸಲಿಲ್ಲ. ಇಪ್ಪತ್ತೆರಡು ವರ್ಷಗಳ ಮೇಲೆ, 1959ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಭಾರತ ಪ್ರವಾಸಕ್ಕೆ ಬಂದರು. ಆ ಪ್ರವಾಸದಲ್ಲಿ ಬೆಂಗಳೂರಿಗೂ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ಅವರಿಗೂ ಇದೇ ಬಗೆಯ ಪರಿಚಯ ಸಿಕ್ಕಿತು, ಅವರಿಗೂ ಮೊದಲು ಬೇಸರವಾಯಿತು, ಆಮೇಲೆ ಹೌದು, ನಾನು ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. 1965ರ ಜುಲೈ 4ರಂದು ಅಟ್ಲಾಂಟದ ತಮ್ಮ ಚರ್ಚಿನಲ್ಲಿ ಅದನ್ನು ಹೇಳಿಕೊಂಡರು. ಗುರುವಿಗೆ ಮೈಸೂರು ಕಲಿಸಿದ್ದನ್ನು ಶಿಷ್ಯನಿಗೆ ಕೇರಳ ಕಲಿಸಿತು.

ಹೌದು, ಗುರು ಮತ್ತು ಶಿಷ್ಯ. ಮೇಸ್ 1940ರಲ್ಲಿ ಅಟ್ಲಾಂಟದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಗುಲಾಮಗಿರಿ ಮುಗಿದ ಎರಡೇ ವರ್ಷಕ್ಕೆ, 1867ರಲ್ಲಿ, ಅಗಸ್ಟಾ ನಗರದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾದ ಕಾಲೇಜು ಅದು. ಇವರು ಹೋದಾಗ ಹಣದ ಮುಗ್ಗಟ್ಟು. ಬಾಕಿ ಶುಲ್ಕವನ್ನು ಬೆನ್ನುಬಿಡದೆ ವಸೂಲು ಮಾಡುತ್ತಿದ್ದರೆಂದು ಹುಡುಗರು ‘ಬಕ್ ಬೆನ್ನಿ’ ಎಂದು ಹೆಸರಿಟ್ಟಿದ್ದರು. ಅಷ್ಟರಲ್ಲಿ ಯುದ್ಧ ಬಂದು ವಿದ್ಯಾರ್ಥಿಗಳು ಸೈನ್ಯಕ್ಕೆ ಹೊರಟರು, ತರಗತಿಗಳು ಬರಿದಾದವು. ಕಾಲೇಜು ಉಳಿಸಲು, ಹೈಸ್ಕೂಲು ಪೂರ್ತಿ ಮುಗಿಸದ ಹುಡುಗರನ್ನೂ ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ ಏರ್ಪಾಡಾಯಿತು. ಆ ಬಾಗಿಲಿನಿಂದ 1944ರಲ್ಲಿ ಒಳಗೆ ಬಂದವರಲ್ಲಿ ಹದಿನೈದು ವರ್ಷದ ಕಿಂಗ್ ಒಬ್ಬರು. ಖಾಲಿ ಬೆಂಚು ತುಂಬಿಸುವ ಅಗತ್ಯದಿಂದ ಆದ ಏರ್ಪಾಡು ಎಂಥವರನ್ನು ಕರೆತಂದಿತು ನೋಡಿ.

ಮಂಗಳವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ಮೇಸ್ ವಿದ್ಯಾರ್ಥಿಗಳೊಡನೆ ಮಾತಾಡುತ್ತಿದ್ದರು. ಬರಲೇಬೇಕೆಂಬ ನಿಯಮ. ಜಗತ್ತು ಸುತ್ತಿ ಕಂಡದ್ದು, ಓದಿದ ಕವಿತೆ, ದೇಶದ ರಾಜಕೀಯ ಎಲ್ಲ ಅಲ್ಲಿ ಬರುತ್ತಿತ್ತು. ಪ್ರತ್ಯೇಕ ಮೆಟ್ಟಿಲು ಹತ್ತಿಸಿ ಮೇಲಿನ ಗ್ಯಾಲರಿಯಲ್ಲಿ ಕೂರಿಸುವ ಸಿನಿಮಾ ಮಂದಿರಕ್ಕೆ ನಿಮ್ಮದೇ ದುಡ್ಡು ಕೊಟ್ಟು ಹೋಗಬೇಡಿ ಎಂದು ಹೇಳುತ್ತಿದ್ದರು. ಬಸ್ಸು, ಆಸ್ಪತ್ರೆ ಅನಿವಾರ್ಯ. ಸಿನಿಮಾ ಅನಿವಾರ್ಯವಲ್ಲ, ಅಲ್ಲಿಗೆ ಹೋಗಿ ಅವಮಾನವನ್ನು ಕೊಂಡುಕೊಳ್ಳುವುದೇಕೆ ಎಂಬುದು ಅವರ ತರ್ಕ. ಕಿಂಗ್ ಗಮನವಿಟ್ಟು ಕೇಳಿ, ಟಿಪ್ಪಣಿ ಬರೆದುಕೊಂಡು, ಆಮೇಲೆ ಅಧ್ಯಕ್ಷರ ಕೊಠಡಿಯವರೆಗೂ ಹಿಂದೆ ಬಂದು ವಾದ ಮಾಡುತ್ತಿದ್ದರೆಂದು ಮೇಸ್ ನೆನೆದಿದ್ದಾರೆ. ವೈದ್ಯನಾಗಲೇ, ವಕೀಲನಾಗಲೇ ಎಂದು ಯೋಚಿಸುತ್ತಿದ್ದ ಹುಡುಗ, ಆಳವಾಗಿ ಓದಿದವನೂ ಪಾದ್ರಿಯಾಗಬಹುದು ಎಂದು ಕಂಡುಕೊಂಡದ್ದು ಮೇಸ್ ಮತ್ತು ಜಾರ್ಜ್ ಕೆಲ್ಸಿ ಎಂಬ ಅಧ್ಯಾಪಕರನ್ನು ನೋಡಿ.

ಈಗ 1956ರ ಫೆಬ್ರವರಿಗೆ ಬನ್ನಿ. ಬಸ್ಸುಗಳಲ್ಲಿ ತಮ್ಮನ್ನು ಬೇರೆ ಕೂರಿಸುತ್ತಾರೆಂದು ಮಾಂಟ್ಗೊಮೆರಿ ನಗರದ ಕಪ್ಪು ಜನ, ಕಿಂಗ್ ಮುಂದಾಳತ್ವದಲ್ಲಿ, ಬಸ್ ಹತ್ತುವುದನ್ನೇ ಬಿಟ್ಟು ನಡೆಸಿದ ಬಹಿಷ್ಕಾರ ಶುರುವಾಗಿ ಮೂರನೆಯ ತಿಂಗಳು. ಕಿಂಗ್ ಅವರಿಗೆ ಇಪ್ಪತ್ತೇಳು ವರ್ಷ. ಜನವರಿ 30ರಂದು ಅವರ ಮನೆಯ ಮೇಲೆ ಬಾಂಬ್ ಬಿದ್ದಿತ್ತು, ಒಳಗೆ ಹೆಂಡತಿ ಮತ್ತು ಎಳೆಗೂಸು ಇದ್ದರು. ಫೆಬ್ರವರಿ 21ರಂದು ಬಹಿಷ್ಕಾರದ ಮುಂದಾಳುಗಳ ಮೇಲೆಲ್ಲ ಒಟ್ಟಿಗೆ ಮೊಕದ್ದಮೆ ಹೂಡಿದರು. ಆಗ ಬೇರೆ ಊರಿನಲ್ಲಿದ್ದ ಕಿಂಗ್, ಮಾಂಟ್ಗೊಮೆರಿಗೆ ಹೋಗಿ ಬಂಧನಕ್ಕೆ ಒಪ್ಪಿಸಿಕೊಳ್ಳುವ ಮೊದಲು ಅಟ್ಲಾಂಟಕ್ಕೆ ಬಂದರು. ತಂದೆಗೆ ಮಗನನ್ನು ಕಳೆದುಕೊಳ್ಳುವ ಭಯ. ಅವರು ಊರಿನ ಹಿರಿಯರನ್ನೆಲ್ಲ ಮನೆಗೆ ಕರೆಸಿದರು: ಪತ್ರಿಕೆಯ ಸಂಪಾದಕರು, ವಕೀಲರು, ವ್ಯಾಪಾರಸ್ಥರು, ಇನ್ನೊಂದು ವಿಶ್ವವಿದ್ಯಾಲಯದ ಅಧ್ಯಕ್ಷರು, ಮೇಸ್. ಹೋಗಬೇಡ ಎಂದು ಇವರ ಬಾಯಿಂದ ಹೇಳಿಸಬೇಕೆಂಬ ಆಸೆ. ಕೆಲವರು ಹಾಗೆಯೇ ಹೇಳಿದರು. ಕಿಂಗ್ ಎದ್ದು, ನನ್ನ ಜನರನ್ನು ಈಗ ಬಿಟ್ಟುಬರುವುದಕ್ಕಿಂತ ಹತ್ತು ವರ್ಷ ಜೈಲಿನಲ್ಲಿರುವುದೇ ಮೇಲು ಎಂದರು. ತಂದೆ ಅಳತೊಡಗಿದರು. ಕಿಂಗ್ ಮೇಸ್ ಕಡೆ ನೋಡಿದರು. ಹುಡುಗ ಹೇಳುವುದೇ ಸರಿ ಎಂದು ಮೇಸ್ ದೃಢವಾಗಿ ಹೇಳಿದರು. ಉಳಿದವರೂ ಒಬ್ಬೊಬ್ಬರಾಗಿ ಆ ಕಡೆಗೆ ಬಂದರು. ಮರುದಿನ ತಂದೆಯೇ ಮಗನ ಜೊತೆ ಮಾಂಟ್ಗೊಮೆರಿಗೆ ಹೊರಟರು.

ಮೇಸ್ ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಘಳಿಗೆಯನ್ನು ನಾನು ಕಾಣೆ. ಕಣ್ಣೆದುರು ಗೆಳೆಯನ ಕಣ್ಣೀರು, ಪಕ್ಕದಲ್ಲಿ ತನ್ನದೇ ವಿದ್ಯಾರ್ಥಿ. ಕಲಿಸಿದ್ದನ್ನು ವಿದ್ಯಾರ್ಥಿ ನಿಜವೆಂದು ನಂಬಿ ನಡೆಯಲು ಹೊರಟಾಗ, ಅಪಾಯ ತನಗಲ್ಲ ಅವನಿಗೇ ಎಂದು ತಿಳಿದಿದ್ದಾಗ, ‘ಹೌದು, ಹೋಗು’ ಎನ್ನುವುದು ಎಂಥ ಭಾರದ ಮಾತು! ಬಹಿಷ್ಕಾರ 381 ದಿನ ನಡೆಯಿತು. ಬಸ್ಸಿನಲ್ಲಿ ಪ್ರತ್ಯೇಕ ಆಸನಗಳ ಕಾನೂನು ಸಂವಿಧಾನಕ್ಕೆ ವಿರುದ್ಧವೆಂಬ ಕೆಳ ನ್ಯಾಯಾಲಯದ ತೀರ್ಪನ್ನು ಸುಪ್ರೀಂ ಕೋರ್ಟ್ 1956ರ ನವೆಂಬರ್ 13ರಂದು ಎತ್ತಿಹಿಡಿಯಿತು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಎರಡೂವರೆ ಲಕ್ಷದಷ್ಟು ಜನ ಸೇರಿದ ಮಹಾಸಭೆಯ ಕೊನೆಗೆ ಆಶೀರ್ವಚನ ಹೇಳಿದವರು ಮೇಸ್. ಕಿಂಗ್ ಅವರ ಭಾಷಣ ಎಲ್ಲರಿಗೂ ನೆನಪಿದೆ, ಇದು ಯಾರಿಗೂ ನೆನಪಿಲ್ಲ. ಗುರುಶಿಷ್ಯರ ನಡುವೆ ಒಂದು ಒಪ್ಪಂದವಿತ್ತು: ಇಬ್ಬರಲ್ಲಿ ಯಾರು ಮೊದಲು ಹೋದರೂ ಉಳಿದವರು ಅಂತ್ಯಕ್ರಿಯೆಯಲ್ಲಿ ಮಾತಾಡಬೇಕು. ಮುವತ್ತನಾಲ್ಕು ವರ್ಷ ಹಿರಿಯರಾದ ಮೇಸ್ ಆ ಕೆಲಸ ತಮಗೆ ಬಂದೀತೆಂದು ಎಣಿಸಿರಲಾರರು. 1968ರ ಏಪ್ರಿಲ್ 9ರಂದು, ಹೇಸರಗತ್ತೆಗಳು ಎಳೆದ ರೈತರ ಬಂಡಿಯಲ್ಲಿ ಕಿಂಗ್ ಅವರ ದೇಹ ಮೋರ್‌ಹೌಸ್ ಅಂಗಳಕ್ಕೆ ಬಂದಾಗ, ಎಪ್ಪತ್ಮೂರು ವರ್ಷದ ಗುರು ಎದ್ದುನಿಂತರು. ಚಿಕ್ಕ ವಯಸ್ಸಿನಲ್ಲಿ ಹೋದರು ಎಂದು ಮರುಗುತ್ತೀರಾ ಎಂದು ಕೇಳಿ, ಹಾಗೆ ಬೇಗ ಹೋದವರ ಹೆಸರುಗಳನ್ನು ವಯಸ್ಸಿನ ಸಮೇತ ಹೇಳುತ್ತ ಹೋದರು. ಮೂವತ್ಮೂರಕ್ಕೆ ಯೇಸು, ಹತ್ತೊಂಬತ್ತಕ್ಕೆ ಜೋನ್ ಆಫ್ ಆರ್ಕ್, ಇಪ್ಪತ್ತೈದಕ್ಕೆ ಕೀಟ್ಸ್. ಆ ಸಾಲಿನ ಕೊನೆಗೆ ಮೂವತ್ತೊಂಬತ್ತರ ಮಾರ್ಟಿನ್ ಲೂಥರ್ ಕಿಂಗ್. ಅಷ್ಟು ದುಃಖದಲ್ಲೂ ಮೇಷ್ಟ್ರು ಪಾಠ ಮಾಡುತ್ತಿದ್ದಾರೆ ಅನ್ನಿಸುತ್ತದೆ ಅದನ್ನು ಓದಿದರೆ.

ಸಭಿಕರ ಪ್ರಶ್ನೆಗಳು

ಒಬ್ಬ ಶಿಕ್ಷಕಿ ಕೇಳಿದರು: ನೀವು ಹೇಳಿದ್ದೆಲ್ಲ ಗಂಡಸರ ಕಾಲೇಜು, ಗಂಡಸರ ಸಭೆ. ಹೆಣ್ಣುಮಕ್ಕಳು ಎಲ್ಲಿ?

ನ್ಯಾಯವಾದ ಪ್ರಶ್ನೆ. ಮೋರ್‌ಹೌಸ್ ಗಂಡು ಹುಡುಗರದೇ ಕಾಲೇಜು. ಹಿರಿಯರನ್ನು ಕರೆಸಿದ ಆ ಸಭೆಯಲ್ಲಿ ಮಾತು ನಡೆಸಿದವರೂ ಗಂಡಸರೇ. ಆದರೆ ಶಿಕ್ಷಣವೇ ಹೋರಾಟವಾದ ಕಥೆ ಬೇಕಿದ್ದರೆ ಸೆಪ್ಟಿಮಾ ಕ್ಲಾರ್ಕ್ ಅವರನ್ನು ಓದಬೇಕು. ಮೇಸ್ ಹುಟ್ಟಿದ ಸೌತ್ ಕ್ಯಾರೊಲೈನಾದವರೇ, ಶಾಲಾ ಶಿಕ್ಷಕಿ. ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಎನ್‌ಎಎಸಿಪಿ ಸಂಘದ ಸದಸ್ಯತ್ವ ಬಿಡಲು ಒಪ್ಪದ ಕಾರಣ 1956ರಲ್ಲಿ ಕೆಲಸ ಹೋಯಿತು, ನಲವತ್ತು ವರ್ಷ ಪಾಠ ಮಾಡಿದವರಿಗೆ ಪಿಂಚಣಿಯೂ ಹೋಯಿತು. ಅವರು ಕೈಕಟ್ಟಿ ಕೂರಲಿಲ್ಲ. 1957ರ ಜನವರಿಯಲ್ಲಿ ಜಾನ್ಸ್ ದ್ವೀಪದಲ್ಲಿ, ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ವಯಸ್ಕರ ಶಾಲೆ ತೆರೆಯಿತು. ಪಾಠ ಮಾಡಲು ಅವರು ಆರಿಸಿದ್ದು ಬರ್ನಿಸ್ ರಾಬಿನ್ಸನ್ ಎಂಬ ಕೇಶಾಲಂಕಾರದ ಕಸುಬಿನವರನ್ನು. ಮತದಾರರ ಪಟ್ಟಿಗೆ ಸೇರಲು ಓದುಬರಹದ ಪರೀಕ್ಷೆ ದಾಟಬೇಕಿತ್ತಲ್ಲ, ಅದಕ್ಕಾಗಿ ಸಹಿ ಹಾಕುವುದು, ಅರ್ಜಿ ತುಂಬುವುದು, ಸಂವಿಧಾನದ ಸಾಲು ಓದುವುದನ್ನು ಕಲಿಸಿದರು. ಇಂಥ ಶಾಲೆಗಳು ದಕ್ಷಿಣದ ಉದ್ದಕ್ಕೂ ಹಬ್ಬಿದವು. ರೋಸಾ ಪಾರ್ಕ್ಸ್ ಕೂಡ, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದೆ ಆ ಬಹಿಷ್ಕಾರಕ್ಕೆ ಕಾರಣರಾದ 1955ರ ಡಿಸೆಂಬರ್‌ಗೆ ಕೆಲವೇ ತಿಂಗಳ ಮುಂಚೆ, ಟೆನೆಸಿಯ ಹೈಲ್ಯಾಂಡರ್ ಶಾಲೆಯ ಕಾರ್ಯಾಗಾರದಲ್ಲಿ ಇವರ ಜೊತೆ ಕಲಿತವರು.

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕೇಳಿದರು: ಕಾಲೇಜು ಬಿಟ್ಟ ಮೇಲೆ ಮೇಸ್ ಏನು ಮಾಡಿದರು?

1967ರಲ್ಲಿ ಮೋರ್‌ಹೌಸ್‌ನಿಂದ ನಿವೃತ್ತರಾದರು. ವಿಶ್ರಾಂತಿ ತೆಗೆದುಕೊಳ್ಳಲಿಲ್ಲ. ಅಟ್ಲಾಂಟ ನಗರದ ಶಾಲಾ ಮಂಡಳಿಗೆ ಚುನಾವಣೆಗೆ ನಿಂತು ಗೆದ್ದು, 1970ರಲ್ಲಿ ಅದರ ಮೊದಲ ಕಪ್ಪು ಅಧ್ಯಕ್ಷರಾದರು. 1981ರವರೆಗೂ ಆ ಜಾಗದಲ್ಲಿದ್ದರು. ಅಲ್ಲಿ ಅವರು ತೆಗೆದುಕೊಂಡ ಒಂದು ನಿರ್ಧಾರದ ಬಗ್ಗೆ ಇವತ್ತಿಗೂ ಜಗಳವಿದೆ. ಬಿಳಿಯರ ಮತ್ತು ಕಪ್ಪು ಮಕ್ಕಳ ಶಾಲೆಗಳನ್ನು ಒಂದು ಮಾಡಬೇಕೆಂದು 1958ರಲ್ಲಿ ಹೂಡಿದ ಮೊಕದ್ದಮೆ ಹದಿನೈದು ವರ್ಷ ಎಳೆದಿತ್ತು. ಅಷ್ಟರಲ್ಲಿ ಬಿಳಿಯ ಕುಟುಂಬಗಳು ಬಹುಪಾಲು ನಗರ ಬಿಟ್ಟು ಉಪನಗರಗಳಿಗೆ ಹೋಗಿಬಿಟ್ಟಿದ್ದವು. 1973ರಲ್ಲಿ ರಾಜಿ ಆಯಿತು: ಮಕ್ಕಳನ್ನು ಬಸ್ಸಿನಲ್ಲಿ ಒಂದು ಭಾಗದಿಂದ ಇನ್ನೊಂದು ಭಾಗದ ಶಾಲೆಗೆ ಸಾಗಿಸುವುದು ಕಡಿಮೆ ಮಟ್ಟದಲ್ಲಿರಲಿ, ಬದಲಿಗೆ ಶಾಲೆಗಳ ಆಡಳಿತದಲ್ಲಿ ಅರ್ಧ ಹುದ್ದೆ ಕಪ್ಪು ಜನರಿಗೆ ಸಿಗಲಿ, ಸೂಪರಿಂಟೆಂಡೆಂಟ್ ಕಪ್ಪು ಮನುಷ್ಯನಾಗಿರಲಿ. ಅಲೊಂಜೊ ಕ್ರಿಮ್ ಆ ಹುದ್ದೆಗೆ ಬಂದರು. ಈ ರಾಜಿಗೆ ಒಪ್ಪಿದ ಎನ್‌ಎಎಸಿಪಿಯ ಅಟ್ಲಾಂಟ ಶಾಖೆಯ ಅಧ್ಯಕ್ಷರು ಲಾನಿ ಕಿಂಗ್. 1960ರಲ್ಲಿ ಅಟ್ಲಾಂಟದ ಹೋಟೆಲುಗಳಲ್ಲಿ ಧರಣಿ ಕೂತ ವಿದ್ಯಾರ್ಥಿಗಳ ಮುಂದಾಳು, ಮೇಸ್ ಅವರ ಕಾಲೇಜಿನ ಹುಡುಗ. ರಾಷ್ಟ್ರೀಯ ನಾಯಕತ್ವ ಸಿಟ್ಟಾಗಿ ಅವರನ್ನು ಅಮಾನತು ಮಾಡಿತು. ಬೇರ್ಪಡಿಸಿದ ಶಾಲೆ ಎಂದೂ ಸಮಾನವಾಗದು ಎಂದು 1954ರಲ್ಲಿ ಗೆದ್ದ ತೀರ್ಪನ್ನೇ ಇವರು ಬಿಟ್ಟುಕೊಟ್ಟರು ಎಂಬುದು ಅವರ ಆಕ್ಷೇಪ.

ನನ್ನ ಅಭಿಪ್ರಾಯ ಕೇಳಿದರೆ, ಆಕ್ಷೇಪದಲ್ಲಿ ಹುರುಳಿದೆ. ಮಕ್ಕಳು ಒಟ್ಟಿಗೆ ಕೂರುವುದಕ್ಕೆ ಬದಲಾಗಿ ಕುರ್ಚಿಗಳನ್ನು ಪಡೆದಂತಾಯಿತು. ಆದರೆ ಒಟ್ಟಿಗೆ ಕೂರಿಸಲು ಬಿಳಿಯ ಮಕ್ಕಳೇ ನಗರದ ಶಾಲೆಗಳಲ್ಲಿ ಉಳಿದಿರದಿದ್ದಾಗ, ಉಳಿದ ಮಕ್ಕಳ ಶಾಲೆ ಚೆನ್ನಾಗಿ ನಡೆಯಬೇಕು, ಅದನ್ನು ನಡೆಸುವವರು ಆ ಮಕ್ಕಳನ್ನು ಬಲ್ಲವರಾಗಿರಬೇಕು ಎಂದು ಎಂಬತ್ತರ ಹತ್ತಿರದ ಆ ಮೇಷ್ಟ್ರು ಯೋಚಿಸಿದ್ದು ನನಗೆ ಅರ್ಥವಾಗುತ್ತದೆ. ವರ್ಷಕ್ಕೆ ನಾಲ್ಕೇ ತಿಂಗಳು ಪಾಠ ಸಿಕ್ಕವರು ಅವರು. ಮುಂದಿನ ಹೋರಾಟ ಗೆಲ್ಲುವವರೆಗೆ ಈ ವರ್ಷದ ಮಗು ಕಾಯಲಿ ಎನ್ನಲು ಅವರಿಂದ ಆಗಲಿಲ್ಲ.